ಮೂರನೇ ಸಾಲಿನ ಹೆಂಗಸು

ಆಫೀಸಿನಲ್ಲಿ ಅವಳ ಹೆಸರು ಹದ್ದಮ್ಮ. ಮೊದಮೊದಲು ಬೆನ್ನ ಹಿಂದೆ ಹಾಗೆ ಕರೆಯುತ್ತಿದ್ದರು, ವರ್ಷ ಕಳೆದ ಮೇಲೆ ಎದುರಿಗೇ ಕರೆಯತೊಡಗಿದರು. ಅವಳೂ ಓಗೊಟ್ಟಳು. ಹದ್ದಿನ ಕಣ್ಣು ಅನ್ನಿಸಿಕೊಳ್ಳುವುದಕ್ಕೆ ಯಾರಿಗೆ ತಾನೇ ಬೇಜಾರು? ಮನೆಯಲ್ಲಂತೂ ಆ ಕಣ್ಣಿಗೆ ಅಂಥ ಮರ್ಯಾದೆ ಎಂದೂ ಸಿಕ್ಕಿರಲಿಲ್ಲ.

ಆಫೀಸೆಂದರೆ ಹೊಲಿಗೆ ಅಂಗಡಿಯ ಮೇಲಿನ ಎರಡು ಕೋಣೆ. ಒಂದರಲ್ಲಿ ನೆಲದಿಂದ ಸೂರಿನವರೆಗೆ ವಾರಪತ್ರಿಕೆ, ಮಾಸಪತ್ರಿಕೆಗಳ ಕಟ್ಟು. ಇನ್ನೊಂದರಲ್ಲಿ ಗೋಡೆಗೆ ಒರಗಿಸಿಟ್ಟ ನಾಲ್ಕು ಟಿವಿ, ನಾಲ್ಕು ಕುರ್ಚಿ, ನಾಲ್ಕು ಹೆಡ್‌ಫೋನ್. ಮಧ್ಯಾಹ್ನ ಕೆಳಗೆ ಹೊಲಿಗೆ ಯಂತ್ರಗಳು ಜೋರು ಹಿಡಿದರೆ ಮೇಜಿನ ಮೇಲಿನ ಪೆನ್ಸಿಲ್ ತಾನಾಗಿಯೇ ಉರುಳುತ್ತಿತ್ತು. ಪತ್ರಿಕೆಗಳೂ ಟಿವಿಯೂ ಜನರನ್ನು ಹೇಗೆ ತೋರಿಸುತ್ತವೆ ಎಂದು ಕೂತು ಎಣಿಸುವುದು ಅಲ್ಲಿನ ಕೆಲಸ. ಎಷ್ಟು ಗಂಡಸರು, ಎಷ್ಟು ಹೆಂಗಸರು, ಯಾರಿಗೆ ಹೆಸರಿದೆ, ಯಾರಿಗೆ ಮಾತಿದೆ, ಯಾರು ಬರೀ ನಗುತ್ತಾರೆ, ಯಾರು ಬರೀ ಅಳುತ್ತಾರೆ. ಒಬ್ಬೊಬ್ಬರಿಗೂ ಹಾಳೆಯಲ್ಲಿ ಒಂದೊಂದು ಸಾಲು.

"ಟಿವಿ ನೋಡೋಕೆ ಸಂಬಳ ಕೊಡ್ತಾರಾ? ನಮಗೂ ಒಂದು ಕೆಲಸ ಕೊಡಿಸು ಮಾರಾಯ್ತಿ," ಎಂದು ನೆಂಟರು ನಗುತ್ತಿದ್ದರು. ನಗುನಗುತ್ತ ಬಟ್ಟೆ ಒಗೆಯುವ ಹೆಂಗಸರನ್ನು ಒಂದೇ ವರ್ಷದಲ್ಲಿ ನಾನೂರ ಹನ್ನೆರಡು ಸಲ ಎಣಿಸಿದವಳಿಗೆ ಮಾತ್ರ ಗೊತ್ತು ಅದರ ಕಷ್ಟ. ಹನ್ನೊಂದು ವರ್ಷ ಅದನ್ನೇ ಮಾಡಿ ಅವಳು ಕೆಲವು ಸಂಗತಿ ಕಲಿತಿದ್ದಳು. ಪತ್ರಿಕೆಯ ಚಿತ್ರದಲ್ಲಿ ಡಾಕ್ಟರಾದವನು ಕಿಟಕಿಯ ಬಳಿಯೇ ನಿಂತಿರುತ್ತಾನೆ. ಬಡವರ ಫೋಟೋವನ್ನು ಮೇಲಿನಿಂದ ತೆಗೆಯುತ್ತಾರೆ, ಶ್ರೀಮಂತರದನ್ನು ಕೆಳಗಿನಿಂದ. ಮುದುಕಿಯರು ಒಂದೋ ಹಾಸಿಗೆಯಲ್ಲಿರುತ್ತಾರೆ, ಇಲ್ಲವೇ ಮೊಮ್ಮಕ್ಕಳ ಪಕ್ಕದಲ್ಲಿರುತ್ತಾರೆ. ತನ್ನ ಪಾಡಿಗೆ ಒಂದು ಪೇಪರು ಹಿಡಿದು ಕೂತ ಮುದುಕಿಯನ್ನು ಅವಳು ಕಂಡಿದ್ದು ಎರಡೇ ಸಲ, ಅದರಲ್ಲಿ ಒಬ್ಬಳು ಕನ್ನಡಕದ ಜಾಹೀರಾತಿನವಳು.

ಅಲ್ಲಿ ಮೂರು ನಿಯಮಗಳಿದ್ದವು. ತೆರೆಯ ಮೇಲೆ ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ಕಂಡವರಿಗೆಲ್ಲ ಸಾಲು ಕೊಡಬೇಕು, ಮುಖ ಕಾಣದಿದ್ದರೂ. ತೆರೆಯ ಮೇಲೆ ಕಂಡದ್ದನ್ನಷ್ಟೇ ಬರೆಯಬೇಕು, ನಿನಗೆ ಗೊತ್ತಿರುವುದನ್ನಲ್ಲ. ಗುರುತಿನವರು ಯಾರಾದರೂ ಕಾಣಿಸಿಕೊಂಡರೆ ಆ ಕಾರ್ಯಕ್ರಮವನ್ನು ಮುಟ್ಟದೆ ವಾಪಸು ಕೊಡಬೇಕು. ಒಂದೇ ಕಾರ್ಯಕ್ರಮವನ್ನು ಇಬ್ಬರು ಬೇರೆಬೇರೆಯಾಗಿ ನೋಡಿ, ಬೇರೆಬೇರೆ ಹಾಳೆ ತುಂಬಿ, ಗುರುವಾರದಂದು ಎದುರುಬದುರು ಕೂತು ತಾಳೆ ನೋಡುತ್ತಿದ್ದರು. ಹದ್ದಮ್ಮನ ಜೊತೆಗಾರರು ಕರಡುರಾಯರು. ಪತ್ರಿಕೆಯೊಂದರಲ್ಲಿ ಮೂವತ್ತು ವರ್ಷ ಕರಡು ತಿದ್ದಿ ನಿವೃತ್ತರಾಗಿ, ಮನೆಯಲ್ಲಿ ಹೆಂಡತಿಯ ಮಾತನ್ನೂ ತಿದ್ದತೊಡಗಿದ್ದರಿಂದ ಹೆಂಡತಿಯೇ ಅವರನ್ನು ಈ ಕೆಲಸಕ್ಕೆ ಹಚ್ಚಿದ್ದಳಂತೆ. ಅವರಿಗೆ ಕೆಲಸ ಕಲಿಸಿದವಳು ಹದ್ದಮ್ಮ. ಇಬ್ಬರ ಹಾಳೆ ನೂರಕ್ಕೆ ತೊಂಬತ್ತೈದರಷ್ಟು ತಾಳೆಯಾಗುತ್ತಿತ್ತು. ಉಳಿದ ಐದರಲ್ಲಿ ತಪ್ಪು ಹೆಚ್ಚಾಗಿ ರಾಯರದೇ.

ಇಷ್ಟು ಆಫೀಸಿನ ಮಾತಾಯಿತು. ಮನೆಯ ಕಥೆ ಬೇರೆ.

ಮನೆಯಲ್ಲಿ ಅವಳು ಚಿಕ್ಕ ಸೊಸೆ. ದೊಡ್ಡ ಸೊಸೆ, ಅಂದರೆ ಅವಳು ಅಕ್ಕ ಎಂದು ಕರೆಯುವ ಓರಗಿತ್ತಿ, ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ಸ್ವಾಗತದ ಮೇಜಿನ ಹಿಂದೆ ಕೂರುವವಳು. ಹಲ್ಲುನೋವಿನಿಂದ ಬಂದವನೂ ಒಂದು ಗಳಿಗೆ ನೋವು ಮರೆಯುವಂತೆ ಮಾತಾಡುತ್ತಾಳೆ ಎಂದು ಹೆಸರು. ಇಪ್ಪತ್ತು ವರ್ಷದಿಂದ ಹದ್ದಮ್ಮ ಆ ಮಾತಿಗೆ, ಆ ಇಸ್ತ್ರಿ ಕೆಡದ ಸೀರೆಗೆ, ಯಾರ ಮನೆಗೆ ಹೋದರೂ ತನ್ನನ್ನು ದಾಟಿ ಅಕ್ಕನ ಕಡೆಗೆ ಹೋಗುವ ಮೊದಲ ಕುರ್ಚಿಗೆ ಹೊಟ್ಟೆ ಉರಿದುಕೊಂಡಿದ್ದಳು. ಸುಳ್ಳು ಯಾಕೆ ಹೇಳಬೇಕು? ಅದನ್ನು ಅವಳು ಯಾರಿಗೂ ಹೇಳಿಕೊಂಡಿರಲಿಲ್ಲ, ಆದರೆ ತನಗೆ ತಾನು ಎಂದೂ ಮುಚ್ಚಿಟ್ಟುಕೊಂಡಿರಲಿಲ್ಲ. ಅಕ್ಕ ಕೆಟ್ಟವಳಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು. ಅವಳು ಒಳ್ಳೆಯವಳೇ, ಅದೇ ದೊಡ್ಡ ಪೀಡೆ.

ಮೂರು ವರ್ಷದ ಹಿಂದೆ ಅತ್ತೆಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಭಾವನ ಮನೆ ಮೂರನೇ ಮಹಡಿಯಲ್ಲಿ, ಹದ್ದಮ್ಮನದು ನೆಲಮಟ್ಟದಲ್ಲಿ. ಹಾಗಾಗಿ ಅತ್ತೆ ಇಲ್ಲಿಗೇ ಬಂದರು. ರಾತ್ರಿ ಪಾಳಿಯಲ್ಲಿ ದುಡಿಯುವ ಗಂಡ ಹಗಲು ಮನೆಯಲ್ಲಿರುತ್ತಿದ್ದ, ಅವಳು ಆಫೀಸಿನಲ್ಲಿದ್ದಾಗ ಅವನು ನೋಡಿಕೊಳ್ಳುತ್ತಿದ್ದ. ಉಳಿದದ್ದೆಲ್ಲ ಅವಳ ಪಾಲು. ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಅನ್ನವನ್ನು ಹಿಸುಕಿ ಹಿಸುಕಿ ತಿನ್ನಿಸುವುದು, ಹಾಸಿಗೆ ಒದ್ದೆಯಾದರೆ ಬೈಯದೆ ಬದಲಿಸುವುದು. ಒಮ್ಮೊಮ್ಮೆ ಬೈದೂ ಬದಲಿಸಿದ್ದಾಳೆ. ಅಕ್ಕ ಭಾನುವಾರ ಭಾನುವಾರ ಹಣ್ಣು ತಂದು, ಅತ್ತೆಯ ತಲೆ ಬಾಚಿ, ಎರಡು ಗಂಟೆ ಕೂತು ಹೋಗುತ್ತಿದ್ದಳು.

ಹೀಗಿರುವಾಗ ಹಲ್ಲು ಕೀಳಿಸಿಕೊಳ್ಳಲು ಬಂದ ಟಿವಿಯವನೊಬ್ಬ ಅಕ್ಕನ ಮಾತಿಗೆ ಮರುಳಾದ. ಮನೆಯ ಹಿರಿಯರನ್ನು ನೋಡಿಕೊಳ್ಳುವ ಸೊಸೆಯರ ಬಗ್ಗೆ ವಾರಕ್ಕೊಂದು ಕಂತು ಮಾಡುತ್ತಿದ್ದನಂತೆ. ಅತ್ತೆಯ ವಿಷಯ ಕಿವಿಗೆ ಬಿದ್ದದ್ದೇ ತಡ, ಕಾರು ತಂದು ಹದ್ದಮ್ಮನ ಮನೆಯನ್ನೂ ಒಮ್ಮೆ ನೋಡಿಹೋದ. ಗೋಡೆಯ ಸುಣ್ಣ ಉದುರಿತ್ತು, ಕೋಣೆಗೆ ಬೆಳಕು ಸಾಲದು ಎಂದ. ಅತ್ತೆಯನ್ನು ಒಂದು ದಿನದ ಮಟ್ಟಿಗೆ ಭಾವನ ಮನೆಗೆ ಒಯ್ಯುವುದೆಂದು ತೀರ್ಮಾನವಾಯಿತು.

ಅಕ್ಕ ಅಂದು ಸಂಕೋಚದಿಂದಲೇ ಕೇಳಿದ್ದಳು. "ನಾನು ಹೇಳ್ದೆ ಕಣೇ, ನೋಡ್ಕೊಳೋದು ನೀನು ಅಂತ. ಇಬ್ಬರು ಸೊಸೆಯರಾದ್ರೆ ಕಥೆ ಉದ್ದ ಆಗತ್ತೆ ಅಂದ್ರು. ನಿಂಗೆ ಬೇಡ ಅನ್ಸಿದ್ರೆ ಬೇಡ."

ಬೇಡ ಎಂದರೆ ಹೊಟ್ಟೆಕಿಚ್ಚು ಎಂದುಕೊಂಡಾರು. ಹೊಟ್ಟೆಕಿಚ್ಚು ಇದ್ದದ್ದರಿಂದಲೇ ಅವಳಿಗೆ ಬೇಡ ಎನ್ನಲಾಗಲಿಲ್ಲ. "ಅಯ್ಯೋ, ಅದಕ್ಕೇನಕ್ಕಾ," ಅಂದಳು.

ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಮೂರು ಮಹಡಿ ಹತ್ತಿಸಿದವರಲ್ಲಿ ಅವಳೂ ಒಬ್ಬಳು. ಚಿತ್ರೀಕರಣ ಮುಗಿಯುವವರೆಗೆ ಅಡುಗೆಮನೆಯಲ್ಲಿದ್ದು, ಕೇಳಿದಾಗ ಬಿಸಿನೀರಿನ ಬೋಗುಣಿ ತಂದುಕೊಟ್ಟಳು. "ನೀವು ಚಿತ್ರದಲ್ಲಿ ಬರಲ್ಲಮ್ಮಾ, ಹೆದರ್ಬೇಡಿ. ಬಟ್ಟೆ ಹಿಂಡಿ ಅವರ ಕೈಗೆ ಕೊಟ್ಟು ಸರ್ಕೊಳ್ಳಿ," ಎಂದಿದ್ದ ಟಿವಿಯವನು.

ಆ ಕಂತು ಬಂದ ಮರುದಿನ ಬೀದಿಯ ಹೆಂಗಸರೆಲ್ಲ ಅವಳನ್ನೇ ನಿಲ್ಲಿಸಿ ಹೊಗಳಿದರು. "ನಿಮ್ಮ ಓರಗಿತ್ತಿ ದೊಡ್ಡ ಗುಣದವರು ಬಿಡಿ. ಈಗಿನ ಕಾಲದಲ್ಲಿ ಯಾರು ಮಾಡ್ತಾರೆ?" ಗಂಡನಿಗೆ ಹೇಳಿದರೆ, "ಹೋಗ್ಲಿ ಬಿಡು, ಯಾರು ಮಾಡಿದ್ರೇನು," ಎಂದು ಮಗ್ಗುಲಾದ. ಯಾರು ಮಾಡಿದರೇನು! ಮಾಡಿದವಳಿಗೆ ಮಾತ್ರ ಗೊತ್ತು ಅದರಲ್ಲಿ ಏನೇನಿದೆ ಎಂದು. ಅವಳಿಗೆ ಹಾರ ತುರಾಯಿ ಬೇಕಿರಲಿಲ್ಲ. ಮಾಡಿದವಳು ನೀನು ಎಂದು ಯಾರಾದರೊಬ್ಬರು, ಎಲ್ಲಾದರೊಂದು ಕಡೆ, ಒಂದು ಸಾಲು ಬರೆದಿದ್ದರೆ ಸಾಕಿತ್ತು. ಆ ಒಂದು ಸಾಲಿನ ಆಸೆ ಅವಳನ್ನು ಹಗಲಿರುಳು ಕಾಡಿತು.

ಎರಡು ತಿಂಗಳ ಮೇಲೆ ಆ ಕಂತು ಆಫೀಸಿಗೇ ಬಂತು. ಆ ವರ್ಷದ ಅಧ್ಯಯನಕ್ಕೆ ಆರಿಸಿದ ಕಾರ್ಯಕ್ರಮಗಳ ಪಟ್ಟಿಯಲ್ಲಿ, ಅವಳ ಮತ್ತು ರಾಯರ ಪಾಲಿನಲ್ಲಿ. ನಿಯಮದ ಪ್ರಕಾರ ಅವಳು ಎದ್ದು ಹೋಗಿ ಆಫೀಸು ನಡೆಸುವ ಮೇಡಂಗೆ ಒಂದು ಮಾತು ಹೇಳಬೇಕಿತ್ತು. ಬೇರೆಯವರು ಹಾಗೆ ಹೇಳದೆ ಸಿಕ್ಕಿಬಿದ್ದಾಗ ಮೇಡಂಗಿಂತ ಮೊದಲು ಕೂಗಾಡಿದವಳು ಅವಳೇ. ಹಾಗಿದ್ದೂ ಹೆಡ್‌ಫೋನ್ ಹಾಕಿಕೊಂಡು ಕೂತಳು.

ಏಳು ಸಲ ನೋಡಿದಳು. ಅಕ್ಕ ಅತ್ತೆಯ ಮುಖ ಒರೆಸುತ್ತಾಳೆ, ತಲೆ ಬಾಚುತ್ತಾಳೆ, ಬಾಚುತ್ತಲೇ ಮಾತಾಡುತ್ತಾಳೆ. "ಇದೊಂದು ಸೇವೆ ಅಂತ ನಾನು ಅಂದ್ಕೊಂಡೇ ಇಲ್ಲ," ಅನ್ನುವಾಗ ಧ್ವನಿ ಸಣ್ಣದಾಗುತ್ತದೆ. ಪ್ರತಿ ಸಲವೂ ಹದ್ದಮ್ಮ ಒಂದೊಂದು ಹೊಸ ತಪ್ಪು ಹುಡುಕಿದಳು. ಬಟ್ಟೆ ಹಿಡಿಯುವ ರೀತಿ ನೋಡು! ಕಿವಿಯ ಹಿಂದೆ ಒರೆಸಲೇ ಇಲ್ಲ! ಬಾಚುವಾಗ ಕ್ಯಾಮೆರಾದ ಕಡೆ ಎಷ್ಟು ಸಲ ನೋಡಿದಳೆಂದು ಬೆರಳು ಮಡಿಸಿ ಎಣಿಸಿದಳು. ಹನ್ನೊಂದು ಸಲ. ಆರೈಕೆ ಮಾಡುತ್ತಾಳೆಯೇ ಎಂಬ ಕಾಲಮ್ಮಿನಲ್ಲಿ 'ಇಲ್ಲ, ಮಾಡಿದಂತೆ ತೋರಿಸುತ್ತಾಳೆ' ಎಂದು ಬರೆದಳು. ಹಾಗೆ ಬರೆಯುವುದು ತಪ್ಪು ಎಂದು ಅವಳಷ್ಟು ಚೆನ್ನಾಗಿ ತಿಳಿದವರು ಆ ಆಫೀಸಿನಲ್ಲಿ ಇನ್ನೊಬ್ಬರಿರಲಿಲ್ಲ. ಅಳಿಸಲೆಂದು ರಬ್ಬರು ಕೈಗೆತ್ತಿಕೊಂಡು, ಮತ್ತೆ ಕೆಳಗಿಟ್ಟಳು.

ಗುರುವಾರ ತಾಳೆಗೆ ಕೂತಾಗ ಕರಡುರಾಯರ ಮುಖದಲ್ಲಿ ಹಬ್ಬದ ಕಳೆಯಿತ್ತು.

"ಹದ್ದಮ್ಮಾ, ನಿಮ್ಮ ಹಾಳೆಯಲ್ಲಿ ಎಷ್ಟು ಜನ?"

"ಎರಡು. ಸೊಸೆ, ಅತ್ತೆ."

"ನಂದು ಮೂರು!" ರಾಯರು ಮೇಜು ಕುಟ್ಟಿದರು. "ನಾನು ಬಂದ ಆರು ವರ್ಷದಲ್ಲಿ ಮೊದಲ್ನೇ ಸಲ! ಇಡೀ ಒಬ್ಬ ಹೆಂಗಸನ್ನೇ ನುಂಗಿ ನೀರು ಕುಡ್ದಿದೀರಲ್ರೀ."

"ಮೂರನೆಯವ್ರು ಯಾರೂ ಇಲ್ಲ. ನಾನು ಏಳು ಸಲ ನೋಡಿದೀನಿ."

"ಏಳು ಸಲ ಬೇರೆ! ನೋಡಿ ಹಾಗಾದ್ರೆ."

ರಾಯರು ಕಂತನ್ನು ಆ ಜಾಗಕ್ಕೆ ತಂದು ಓಡಿಸಿದರು. ಎಡಗಡೆಯಿಂದ ಒಬ್ಬ ಹೆಂಗಸು ಬೋಗುಣಿ ಹಿಡಿದು ಬಂದಳು. ಬೆನ್ನು ಈ ಕಡೆ, ಮುಖ ಕಾಣದು. ಬಗ್ಗಿ ಬಟ್ಟೆ ಅದ್ದಿ, ಹಿಂಡಿ, ಅಕ್ಕನ ಕೈಗೆ ಕೊಟ್ಟು ಹೋದಳು. ಮಾಸಲು ಹಸಿರು ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಅರ್ಧ ಬಿಚ್ಚಿದ ಜಡೆ.

ಹದ್ದಮ್ಮ ಪರದೆಯನ್ನೇ ನೋಡುತ್ತ ಕೂತಳು. ಹೋಟೆಲಿನಲ್ಲಿ ಲೋಟ ಎತ್ತುವವನಿಗೂ, ಹಾಡಿನ ಹಿಂದೆ ಕುಣಿಯುವ ಹದಿನೆಂಟನೆಯವಳಿಗೂ, ನಾಯಕ ಮುಗ್ಗರಿಸಿದಾಗ ಪಕ್ಕದಲ್ಲಿ ಹಾದುಹೋದ ಸೈಕಲ್ಲಿನವನಿಗೂ ಸಾಲು ಕೊಟ್ಟವಳು ಅವಳು. ಏಳು ಸಲ ನೋಡಿಯೂ ತನಗೆ ತಾನು ಕಂಡಿರಲಿಲ್ಲ. ಏಳು ಸಲವೂ ಅವಳ ಕಣ್ಣು ಅಕ್ಕನ ಮುಖಕ್ಕೇ ಅಂಟಿಕೊಂಡಿತ್ತು.

ರಾಯರು ಉತ್ಸಾಹದಿಂದ ಓದತೊಡಗಿದ್ದರು. "ಮೂರನೇ ಸಾಲು. ಹೆಂಗಸು. ಒಂಬತ್ತು ಸೆಕೆಂಡು. ಹೆಸರಿಲ್ಲ. ಮಾತಿಲ್ಲ. ವಯಸ್ಸು ಅರವತ್ತರ ಆಸುಪಾಸು. ಉದ್ಯೋಗ, ಮನೆಗೆಲಸದವಳು."

"ಅರವತ್ತಾ?"

"ಬೆನ್ನು ನೋಡಿ ಹೇಗೆ ಬಾಗಿದೆ. ಸೊಸೆಗೆ ಮೂವತ್ತೈದರಿಂದ ನಲವತ್ತು ಹಾಕಿದೀನಿ."

ಅಕ್ಕನಿಗೆ ನಲವತ್ತೆಂಟು, ಹದ್ದಮ್ಮನಿಗಿಂತ ಎರಡೇ ವರ್ಷ ದೊಡ್ಡವಳು. ಹದ್ದಮ್ಮ ಆ ಸಾಲಿನ ಮೇಲೆ ಬೆರಳಿಟ್ಟಳು. "ಕೆಲಸದವಳು ಅಂತ ಹೇಗೆ ಬರೆದ್ರಿ? ಮನೆಯವಳೇ ಇರಬಹುದಲ್ಲ?"

"ಇರಬಹುದು. ಆದ್ರೆ ಹಾಗಂತ ಅಲ್ಲಿ ಎಲ್ಲಿ ತೋರ್ಸಿದಾರೆ? ಯಾರೂ ಮಾತಾಡ್ಸಲ್ಲ, ಕೂತ್ಕೋ ಅನ್ನಲ್ಲ, ನೀರು ತರ್ತಾಳೆ, ಹೋಗ್ತಾಳೆ. ತೆರೆ ಮೇಲೆ ಕಂಡದ್ದನ್ನಷ್ಟೇ ಬರೀಬೇಕು ಅಂತ ನನಗೆ ಪಾಠ ಮಾಡಿದ್ದು ಯಾರ್ರೀ?"

"ಅವಳು ಕೆಲಸದವಳಲ್ಲ."

"ನಿಮಗೆ ಹೇಗೆ ಗೊತ್ತು?"

ಒಂದು ಮಾತು ಆಡದೆ ಒಪ್ಪಿ ಸಹಿ ಹಾಕಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಹನ್ನೊಂದು ವರ್ಷದ ಹೆಸರೂ ಉಳಿಯುತ್ತಿತ್ತು. ಆದರೆ ಎಷ್ಟೆಂದು ನುಂಗುವುದು?

"ಅದು ನಾನು," ಅಂದಳು. "ಅವರು ನಮ್ಮತ್ತೆ. ಆ ಬಾಚ್ತಿರೋಳು ನನ್ನ ಓರಗಿತ್ತಿ. ಆ ಅತ್ತೆ ಮೂರು ವರ್ಷದಿಂದ ನಮ್ಮನೇಲಿದಾರೆ. ಅವರ ಮುಖ ಒರೆಸೋದು ನಾನು. ಎಲ್ಲಾ ಮಾಡೋದು ನಾನು."

ರಾಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ತಪ್ಪು ಹಿಡಿದ ಸಂಭ್ರಮ ಅವರ ಮುಖದಿಂದ ಇಳಿದುಹೋಗಿತ್ತು. ಅವರೇ ಎದ್ದು ಹೋಗಿ ಮೇಡಂ ಅವರನ್ನು ಕರೆತಂದರು.

ಮೇಡಂ ಹಾಳೆ ಓದಿದರು. 'ಮಾಡಿದಂತೆ ತೋರಿಸುತ್ತಾಳೆ' ಎಂಬಲ್ಲಿಗೆ ಬಂದಾಗ ತಲೆಯೆತ್ತಿ ಹದ್ದಮ್ಮನನ್ನು ನೋಡಿ, ಮತ್ತೆ ಓದಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಈ ಹಾಳೆ ರದ್ದು. ನಿಮ್ಮ ಜಾಗದಲ್ಲಿ ಇನ್ನೊಬ್ಬರು ನೋಡ್ತಾರೆ. ಈ ತಿಂಗಳು ನೀವು ಟಿವಿ ಬಿಟ್ಟು ಪತ್ರಿಕೆಗಳನ್ನ ಮಾಡಿ. ರಾಯರ ಹಾಳೆ ಹಾಗೇ ಇರಲಿ."

"ಮೇಡಂ, ಅದ್ರಲ್ಲಿ ಕೆಲಸದವಳು ಅಂತಿದೆ."

"ಇರತ್ತೆ," ಅಂದರು ಮೇಡಂ, ಮೆಲ್ಲಗೆ. "ನೀವು ಹೇಳಿದ್ರಿ ಅಂತ ತಿದ್ದೋಕಾಗತ್ತಾ? ನೀವೇ ಹೇಳಿ."

ತಿದ್ದಲಾಗದು ಎಂದು ಅವಳಿಗೆ ಗೊತ್ತಿತ್ತು. ಬೇರೆ ಯಾರದಾದರೂ ಆಗಿದ್ದರೆ ಅವಳೇ ಬಿಡುತ್ತಿರಲಿಲ್ಲ. ಕೊನೆಗೂ ಒಂದು ಸಾಲು ಸಿಕ್ಕಿತ್ತು, ಅದೂ ಕಾಗದದ ಮೇಲೆ, ಅರವತ್ತು ವರ್ಷದ ಕೆಲಸದವಳಾಗಿ.

ಮೇಡಂ ಹೋದ ಮೇಲೆ ರಾಯರು ಕೆಮ್ಮಿದರು. "ಇನ್ನೊಂದು ಕಾಲಮ್ ಉಳಿದಿದೆ ಹದ್ದಮ್ಮಾ. ತಾಳೆ ರದ್ದಾಯ್ತು, ನಿಜ. ಆದ್ರೂ ಓದ್ತೀನಿ, ಕೇಳಿ. ಯಾರು ಯಾರನ್ನ ನೋಡ್ತಾರೆ ಅನ್ನೋದು. ನೀವೇನು ಬರ್ದಿದೀರಿ?"

"ಸೊಸೆ ಕ್ಯಾಮೆರಾನ. ಅತ್ತೆದು ಗೊತ್ತಾಗಲ್ಲ."

"ಗೊತ್ತಾಗತ್ತೆ." ರಾಯರು ಬೆರಳಿಟ್ಟು ಓದಿದರು. "ಅಜ್ಜಿ, ಮೂರನೇ ಸಾಲಿನ ಹೆಂಗಸನ್ನು ನೋಡುತ್ತಾರೆ. ಅವಳು ಬಂದಾಗಿನಿಂದ ಹೋಗುವವರೆಗೆ. ಹೋದ ಮೇಲೆ ಅವಳು ಹೋದ ಬಾಗಿಲನ್ನು, ಕೊನೆಯವರೆಗೆ." ಹಾಳೆ ಮಡಿಸಿದರು. "ಮೊನ್ನೆ ಇದನ್ನ ಬರೀವಾಗ, ಈ ಅಜ್ಜಿಗೆ ಕೆಲಸದವಳ ಮೇಲೆ ಅದೆಷ್ಟು ಪ್ರೀತಿ ಅಂದ್ಕೊಂಡೆ."

ಅವಳು ಇನ್ನೊಮ್ಮೆ ಓಡಿಸಿ ನೋಡಿದಳು. ಈ ಸಲ ಅಕ್ಕನ ಮುಖ ಬಿಟ್ಟು, ಅತ್ತೆಯ ಕಣ್ಣುಗಳನ್ನು ಮಾತ್ರ. ರಾಯರು ಬರೆದದ್ದರಲ್ಲಿ ಒಂದಕ್ಷರವೂ ಹೆಚ್ಚಿರಲಿಲ್ಲ. ಅಳು ಬಂತು, ಬಂದದ್ದೇ ತಡೆದುಕೊಂಡಳು. ಅಳುವಿನ ಬೆನ್ನಿಗೇ ಇನ್ನೊಂದು ಬಂತು, ಅದನ್ನು ತಡೆದುಕೊಳ್ಳಲಿಲ್ಲ: ಇದನ್ನು ಅಕ್ಕ ನೋಡಬೇಕು. ಸಾವಿರ ಜನ ಹೊಗಳಿದ ಆ ಚಿತ್ರದಲ್ಲೇ ಇದೂ ಇದೆ ಎಂದು ಅವಳಿಗೆ ತೋರಿಸಬೇಕು. ಇಪ್ಪತ್ತು ವರ್ಷದಲ್ಲಿ ಒಂದು ದಿನವಾದರೂ ಅವಳ ಹೊಟ್ಟೆ ಉರಿಯಬೇಕು.

ಭಾನುವಾರದವರೆಗೆ ಆ ಮಾತನ್ನು ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡಳು. ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ, ಅತ್ತೆಗೆ ಮಗ್ಗುಲು ಬದಲಿಸುವಾಗ. ಅತ್ತೆಯ ಕಣ್ಣಿಗೆ ಕಣ್ಣು ಕೊಟ್ಟಾಗ ಮಾತ್ರ ಆ ಮಾತು ಬಾಯಿಗೆ ಬರುತ್ತಿರಲಿಲ್ಲ.

ಭಾನುವಾರ ಅಕ್ಕ ಹಣ್ಣಿನ ಚೀಲ ಹಿಡಿದು ಬಂದಳು. ಅತ್ತೆಯ ತಲೆ ಬಾಚಿ, ಕೈ ತೊಳೆಯಲು ಅಡುಗೆಮನೆಗೆ ಬಂದಾಗ ಹದ್ದಮ್ಮ ಪಾತ್ರೆ ಉಜ್ಜುತ್ತ, ತಿರುಗಿ ನೋಡದೆ ಹೇಳಿದಳು.

"ಅಕ್ಕಾ, ನಿನ್ನ ಕಾರ್ಯಕ್ರಮ ಇನ್ನೊಂದ್ಸಲ ಹಾಕ್ತಾರಂತೆ. ಈ ಸಲ ಅತ್ತೆ ಕಣ್ಣು ನೋಡು. ಯಾರನ್ನ ನೋಡ್ತಿದಾರೆ ಅಂತ."

ಅಕ್ಕ ನಲ್ಲಿ ನಿಲ್ಲಿಸಿದಳು.

"ನೋಡಿದೀನಿ ಕಣೇ."

"ಏನು?"

"ಮೊದಲ್ನೇ ದಿನವೇ ನೋಡ್ದೆ. ಎಲ್ಲರೂ ಚೆನ್ನಾಗಿ ಮಾತಾಡ್ದೆ ಅಂದ್ರು, ನಿನ್ನ ಭಾವ ಕೂಡ ಅಂದ್ರು. ನಂಗೆ ನನ್ನ ಮಾತು ಒಂದೂ ಕೇಳ್ಸಿಲ್ಲ. ನೀನು ಬರ್ತೀಯ, ಅವ್ರು ನಿನ್ನನ್ನೇ ನೋಡ್ತಾರೆ. ಅಷ್ಟೇ ಕಂಡಿದ್ದು. ಆಮೇಲೆ ಎಷ್ಟು ಸಲ ಹಾಕ್ಕೊಂಡು ನೋಡಿದೀನೋ ಲೆಕ್ಕವಿಲ್ಲ, ಈಗಲಾದ್ರೂ ನನ್ನ ಕಡೆ ತಿರುಗ್ತಾರೇನೋ ಅಂತ." ಅಕ್ಕ ಸೆರಗಿಗೆ ಕೈ ಒರೆಸಿಕೊಂಡಳು, ಇಸ್ತ್ರಿ ಹಾಕಿದ ಸೆರಗು. "ಮೂರು ವರ್ಷದಿಂದ ತಲೆ ಬಾಚ್ತಿದೀನಿ. ಒಂದು ದಿನ ನನ್ನ ಮುಖ ನೋಡಿಲ್ಲ. ನಿನ್ನ ಮೇಲೆ ನಂಗೆ ಎಷ್ಟು ಹೊಟ್ಟೆಯುರಿ ಅಂತ ನಿಂಗೆ ಗೊತ್ತಿಲ್ಲ."

ಹದ್ದಮ್ಮ ನೊರೆ ತುಂಬಿದ ತಟ್ಟೆಯನ್ನು ಕೆಳಗಿಟ್ಟಳು. ಹೇಳಬೇಕೆಂದು ಇಟ್ಟುಕೊಂಡ ಮಾತೆಲ್ಲ ಅಕ್ಕನೇ ಹೇಳಿ ಮುಗಿಸಿದ್ದಳು. ಅವಳು ತಿರುಗಿ ಅಕ್ಕನ ಮುಖ ನೋಡಿದಳು. ಕಣ್ಣ ಕೆಳಗೆ ಕಪ್ಪಿತ್ತು, ಕಿವಿಯ ಮೇಲುಗಡೆ ಬಣ್ಣ ಮುಟ್ಟದ ಬಿಳಿಕೂದಲಿತ್ತು, ಪಕ್ಕಾ ನಲವತ್ತೆಂಟು. ಏಳು ಸಲ ನೋಡಿದರೂ ಇದು ಯಾವುದೂ ಕಂಡಿರಲಿಲ್ಲ.

ಒಳಗಿನ ಕೋಣೆಯಿಂದ ಅತ್ತೆ ಗಂಟಲಲ್ಲೇ ಸದ್ದು ಮಾಡಿದರು. ಇಬ್ಬರೂ ಒಟ್ಟಿಗೆ ಬಾಗಿಲ ಕಡೆ ತಿರುಗಿದರು. ಅಕ್ಕನ ಕಾಲು ಒಂದು ಹೆಜ್ಜೆ ಮುಂದಕ್ಕೂ ಬಂದಿತ್ತು, ಅಲ್ಲೇ ನಿಂತಿತು.

"ಹೋಗು," ಅಂದಳು. "ಕರೀತಿರೋದು ನಿನ್ನನ್ನ."

ಹದ್ದಮ್ಮ ಕೈ ತೊಳೆದುಕೊಂಡು ಹೋದಳು. ಆ ಹತ್ತು ಹೆಜ್ಜೆಯಲ್ಲಿ ಅವಳಿಗೆ ಆದಷ್ಟು ಸಂತೋಷ ಮದುವೆಯಾದಾಗಿನಿಂದ ಆಗಿರಲಿಲ್ಲ, ಅಷ್ಟು ನಾಚಿಕೆಯೂ ಆಗಿರಲಿಲ್ಲ.